ಎರವಲು ತಂದ ತ್ರಿಕೋನಮಿತಿ

ಕಾವೇರಿ ನದಿಯು ತಂಜಾವೂರು ಸೀಮೆಯಲ್ಲಿ ಕವಲೊಡೆದು ಹರಿಯುವ ಎಡೆಯಲ್ಲಿ ಕುಂಭಕೋಣವೆಂಬ ಪುರಾತನ ನಗರವಿದೆ. ದೇವಾಲಯಗಳಿಗೂ ವಿದ್ವಾಂಸರಿಗೂ ಹೆಸರಾದ ಈ ಊರಿನ ಒಂದು ಪುಟ್ಟ ಮನೆಯಲ್ಲಿ, ಮುಂದೆ ಜಗತ್ತಿನ ಶ್ರೇಷ್ಠ ಗಣಿತಜ್ಞರಲ್ಲೊಬ್ಬರೆನಿಸಿದ ಶ್ರೀನಿವಾಸ ರಾಮಾನುಜನ್ನರು ಬೆಳೆದರು. ಅವರು ಹುಟ್ಟಿದ್ದು 1887ರ ಡಿಸೆಂಬರ್ 22ರಂದು, ತಾಯಿಯ ತವರಾದ ಈರೋಡಿನಲ್ಲಿ. ತಂದೆ ಶ್ರೀನಿವಾಸ ಅಯ್ಯಂಗಾರ್ಯರು ಬಟ್ಟೆಯ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಗುಮಾಸ್ತೆಯಾಗಿದ್ದರು. ತಾಯಿ ಕೋಮಲತಮ್ಮಾಳ್ ದೇವಾಲಯದಲ್ಲಿ ಭಜನೆ ಹಾಡುತ್ತಿದ್ದರು. ಬರುತ್ತಿದ್ದ ಅಲ್ಪ ವರಮಾನ ಸಂಸಾರಕ್ಕೆ ಸಾಲದೆ, ಕಾಲೇಜಿನಲ್ಲಿ ಓದುವ ಹುಡುಗರಿಗೆ ಮನೆಯಲ್ಲಿ ಊಟ ವಸತಿಗಳನ್ನು ಒದಗಿಸಿ ಒಂದಿಷ್ಟು ಹಣ ಪಡೆಯುತ್ತಿದ್ದರು.

1897ರಲ್ಲಿ ನಡೆದ ಪ್ರಾಥಮಿಕ ಪರೀಕ್ಷೆಯಲ್ಲಿ ರಾಮಾನುಜನ್ನರು ತಂಜಾವೂರು ಜಿಲ್ಲೆಗೇ ಮೊದಲಿಗರಾದರು. ಮರುವರ್ಷ ಕುಂಭಕೋಣದ ಟೌನ್ ಹೈಸ್ಕೂಲನ್ನು ಸೇರಿದರು. ಮನೆಯಲ್ಲಿದ್ದ ಕಾಲೇಜು ಹುಡುಗರಿಗೆ ತಿಳಿದಿದ್ದ ಗಣಿತವನ್ನೆಲ್ಲ ಅವರು ಕೆಲಕಾಲದಲ್ಲಿಯೇ ಕೇಳಿ ಕಲಿತುಬಿಟ್ಟರು. ಇನ್ನೂ ಹೆಚ್ಚಿನದಕ್ಕಾಗಿ ಅವರ ಮನಸ್ಸು ಹಂಬಲಿಸುತ್ತಿತ್ತು.

ನಾಲ್ಕನೆಯ ಫಾರಮಿನಲ್ಲಿ, ಎಂದರೆ ಇಂದಿನ ಒಂಬತ್ತನೆಯ ತರಗತಿಗೆ ಸಮನಾದ ತರಗತಿಯಲ್ಲಿ, ಓದುತ್ತಿದ್ದಾಗ ಅವರ ಕೈಗೆ ಒಂದು ಪುಸ್ತಕ ಬಂದಿತು. ಅದು ಲೋನಿ ಎಂಬ ಆಂಗ್ಲ ಗಣಿತಜ್ಞನು ಬರೆದ ತ್ರಿಕೋನಮಿತಿಯ ಎರಡನೆಯ ಭಾಗ. ಕಾಲೇಜು ವಿದ್ಯಾರ್ಥಿಗಳಿಗಾಗಿಯೇ ರಚಿತವಾದ ಗ್ರಂಥವದು. ನೆರೆಮನೆಯ ಬಿ.ಎ. ವಿದ್ಯಾರ್ಥಿಯೊಬ್ಬನಿಂದ ರಾಮಾನುಜನ್ನರು ಅದನ್ನು ಎರವಲು ತಂದರು. ಹೇಳಿಕೊಡುವವರು ಯಾರೂ ಇರಲಿಲ್ಲ. ಆದರೂ ಅವರು ಪುಸ್ತಕವನ್ನು ಆದ್ಯಂತವಾಗಿ ಓದಿ, ಅದರಲ್ಲಿದ್ದ ಸಮಸ್ಯೆಗಳನ್ನೆಲ್ಲ ಯಾರ ನೆರವೂ ಇಲ್ಲದೆ ಬಿಡಿಸಿದರು. ಪುಸ್ತಕ ಕೊಟ್ಟ ವಿದ್ಯಾರ್ಥಿಗೆ ಆಶ್ಚರ್ಯವಾಯಿತು. ಮುಂದೆ ತನಗೆ ಬಿಡಿಸಲಾಗದ ಕಠಿಣ ಸಮಸ್ಯೆಗಳನ್ನು ಹಿಡಿದುಕೊಂಡು ಅವನೇ ಈ ಪುಟ್ಟ ಹುಡುಗನ ಬಳಿಗೆ ಬರತೊಡಗಿದನಂತೆ!

ಆ ಗ್ರಂಥದಲ್ಲಿದ್ದ ವಿಷಯ ಅಷ್ಟು ಸುಲಭವಾದುದಲ್ಲ. ಶಾಲೆಯ ತ್ರಿಕೋನಮಿತಿಯು ಲಂಬಕೋನ ತ್ರಿಭುಜದಿಂದ ಆರಂಭವಾಗುತ್ತದೆ. ಒಂದು ಕೋನದ ಎದುರಿನ ಬಾಹುವಿಗೂ ವಿಕರ್ಣಕ್ಕೂ ಇರುವ ಅನುಪಾತವನ್ನು ಆ ಕೋನದ ಸೈನ್ ಎನ್ನುತ್ತಾರೆ. ಪಕ್ಕದ ಬಾಹುವಿಗೂ ವಿಕರ್ಣಕ್ಕೂ ಇರುವ ಅನುಪಾತವನ್ನು ಕೊಸೈನ್ ಎನ್ನುತ್ತಾರೆ. ಕಾಲೇಜಿನ ತ್ರಿಕೋನಮಿತಿಯಾದರೋ ತ್ರಿಭುಜವನ್ನು ದಾಟಿ ಮುಂದೆ ಸಾಗುತ್ತದೆ. ಚಿತ್ರ ಬರೆಯದೆ, ಬಾಹುಗಳನ್ನು ಅಳೆಯದೆ, ಬರಿಯ ಕೂಡುವ ಕಳೆಯುವ ಲೆಕ್ಕದಿಂದಲೇ ಸೈನನ್ನು ಕಂಡುಹಿಡಿಯುವ ಬಗೆಯನ್ನು ಅದು ತಿಳಿಸುತ್ತದೆ. ಕೋನವನ್ನು ರೇಡಿಯನ್ ಎಂಬ ಮಾನದಲ್ಲಿ ಬರೆದುಕೊಳ್ಳಬೇಕು. ಅದರಿಂದ ಅದರ ಘನದ ಆರನೆಯ ಒಂದು ಭಾಗವನ್ನು ಕಳೆಯಬೇಕು. ಬಳಿಕ ಅದರ ಐದನೆಯ ಘಾತದ 120ನೆಯ ಒಂದು ಭಾಗವನ್ನು ಕೂಡಬೇಕು. ಹೀಗೆಯೇ ಕಳೆಯುತ್ತ ಕೂಡುತ್ತ ಕೊನೆಯಿಲ್ಲದೆ ಸಾಗಬಹುದು. 30 ಡಿಗ್ರಿಯ ಕೋನವು ಸುಮಾರು 0.5236 ರೇಡಿಯನ್. ಮೊದಲನೆಯ ಸಲ ಕಳೆದಾಗ 0.4997 ಬರುತ್ತದೆ. ಮುಂದಿನದನ್ನು ಕೂಡಿದಾಗ 0.5000 ಬರುತ್ತದೆ. 30 ಡಿಗ್ರಿಯ ಸೈನ್ ಸರಿಯಾಗಿ ಅರ್ಧವೇ ಆಗಿದೆ. ಇಂತಹ ಕೊನೆಯಿಲ್ಲದ ಮೊತ್ತಕ್ಕೆ ಅನಂತ ಶ್ರೇಣಿ ಎಂದು ಹೆಸರು. ರಾಮಾನುಜನ್ನರ ಜೀವನವನ್ನೆಲ್ಲ ತುಂಬಿಕೊಂಡ ಅನಂತ ಶ್ರೇಣಿಗಳ ಪರಿಚಯ ಅವರಿಗೆ ಹೀಗೆ ಎಳವೆಯಲ್ಲಿಯೇ ಆಯಿತು.

ಐದನೆಯ ಫಾರಮಿನಲ್ಲಿದ್ದಾಗ ಅವರು ಸೈನ್ ಮತ್ತು ಕೊಸೈನ್‌ಗಳನ್ನು ಕುರಿತ ಕೆಲವು ಪ್ರಮೇಯಗಳನ್ನು ಸ್ವಂತವಾಗಿ ಕಂಡುಹಿಡಿದರು. ಹೊಸದೊಂದನ್ನು ಸಾಧಿಸಿದೆನೆಂಬ ಹಿಗ್ಗು ಅವರಿಗಾಗಿರಬೇಕು. ಆದರೆ ಅವು ಹದಿನೆಂಟನೆಯ ಶತಮಾನದಲ್ಲಿಯೇ ಆಯ್ಲರ್ ಎಂಬ ಮಹಾಗಣಿತಜ್ಞನು ಸಾಧಿಸಿದ್ದ ಪ್ರಮೇಯಗಳೆಂದು ಅನಂತರ ತಿಳಿಯಿತು. ಹುಡುಗನು ನಾಚಿ, ತಾನು ಬರೆದಿದ್ದ ಕಾಗದಗಳನ್ನು ಮನೆಯ ಮಾಡಿನ ಸಂದಿಯಲ್ಲಿ ಅಡಗಿಸಿಟ್ಟನು. ಆದರೆ ಇದರಲ್ಲಿ ನಾಚಬೇಕಾದುದೇನೂ ಇರಲಿಲ್ಲ. ಸೈನಿನ ಅನಂತ ಶ್ರೇಣಿಯನ್ನು ಯೂರೋಪಿಗಿಂತ ಬಹು ಹಿಂದೆಯೇ, ಹದಿನಾಲ್ಕನೆಯ ಶತಮಾನದಲ್ಲಿ, ಕೇರಳದ ಸಂಗಮಗ್ರಾಮದ ಮಾಧವನು ಕಂಡುಹಿಡಿದಿದ್ದನೆಂದು ಇಂದು ವಿದ್ವಾಂಸರು ಬಲ್ಲರು. ಒಂದೇ ಸತ್ಯವು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ದೇಶದಲ್ಲಿ ಹಲವರಿಗೆ ಗೋಚರಿಸುವುದುಂಟು. ಆದರೆ ಈ ಮಾತನ್ನು ಹೇಳಿ ಆ ಹುಡುಗನನ್ನು ಸಂತೈಸಬಲ್ಲ ಗುರುವು ಬಳಿಯಲ್ಲಿರಲಿಲ್ಲ. ಒಬ್ಬಂಟಿಯಾಗಿ ಕಲಿಯುವವನು ತೆರಬೇಕಾದ ಬೆಲೆ ಇದು.

1903ರಲ್ಲಿ ಅವರಿಗೆ ಮತ್ತೊಂದು ಪುಸ್ತಕ ದೊರೆಯಿತು. ಕಾರ್ ಎಂಬಾತನು ಸಂಕಲಿಸಿದ ಆ ಗ್ರಂಥದಲ್ಲಿ ಸುಮಾರು 5000 ಸೂತ್ರಗಳು ಸಾಲುಸಾಲಾಗಿದ್ದವು. ಅವು ಏಕೆ ನಿಜವೆಂಬ ವಿವರಣೆ ಮಾತ್ರ ಬಹಳ ಕಡಿಮೆಯಿತ್ತು. ರಾಮಾನುಜನ್ನರು ಒಂದೊಂದನ್ನೂ ತಾವೇ ಸಾಧಿಸಲು ತೊಡಗಿದರು. ಕಾಗದ ಕೊಳ್ಳಲು ಹಣವಿಲ್ಲದುದರಿಂದ ಸ್ಲೇಟಿನ ಮೇಲೆ ಲೆಕ್ಕ ಮಾಡಿ, ಮೊಣಕೈಯಿಂದ ಒರೆಸಿ, ಕಟ್ಟಕಡೆಯ ಉತ್ತರವನ್ನು ಮಾತ್ರ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಉತ್ತರ ಉಳಿಯಿತು, ಅದಕ್ಕೆ ಕರೆದೊಯ್ದ ದಾರಿ ಅಳಿಸಿಹೋಯಿತು.

1904ರಲ್ಲಿ ಶಾಲೆಯನ್ನು ಬಿಡುವಾಗ ಗಣಿತಕ್ಕಾಗಿ ಅವರಿಗೆ ಬಹುಮಾನ ಬಂದಿತು. ವಿದ್ಯಾರ್ಥಿವೇತನವನ್ನೂ ಪಡೆದು ಕುಂಭಕೋಣದ ಸರ್ಕಾರಿ ಕಾಲೇಜಿನಲ್ಲಿ ಎಫ್.ಎ. ತರಗತಿಗೆ ಸೇರಿದರು. ಕಾಲೇಜಿನ ತ್ರಿಕೋನಮಿತಿಯನ್ನು ಶಾಲೆಯಲ್ಲಿದ್ದಾಗಲೇ ಮುಗಿಸಿದ ಹುಡುಗನಿಗೆ ಕಾಲೇಜಿನ ಓದು ಸುಲಭವೆಂದು ಎಲ್ಲರೂ ಭಾವಿಸಿದ್ದರು. ಆದರೆ ನಡೆದುದು ಬೇರೆ. ಎಫ್.ಎ. ಪರೀಕ್ಷೆಗೆ ಗಣಿತವಲ್ಲದೆ ಇಂಗ್ಲಿಷ್, ಚರಿತ್ರೆ, ಶರೀರಶಾಸ್ತ್ರ ಮುಂತಾದ ವಿಷಯಗಳೂ ಇದ್ದವು. ರಾಮಾನುಜನ್ನರ ಮನಸ್ಸು ಅವುಗಳತ್ತ ಹೊರಳಲೇ ಇಲ್ಲ. ಇತರ ಪಾಠಗಳು ನಡೆಯುತ್ತಿದ್ದಾಗಲೂ ಅವರು ಗಣಿತದಲ್ಲಿಯೇ ಮುಳುಗಿರುತ್ತಿದ್ದರು. ಇಂಗ್ಲಿಷಿನಲ್ಲಿ ಅನುತ್ತೀರ್ಣರಾದ ಕಾರಣ ವಿದ್ಯಾರ್ಥಿವೇತನ ನಿಂತುಹೋಯಿತು. ಶುಲ್ಕ ತೆರಲು ತಂದೆಗೆ ಶಕ್ತಿಯಿರಲಿಲ್ಲ. ಮನನೊಂದ ತರುಣರು 1905ರಲ್ಲಿ ಯಾರಿಗೂ ತಿಳಿಸದೆ ವಿಶಾಖಪಟ್ಟಣದ ಕಡೆಗೆ ಹೊರಟುಹೋದರು. ಕೆಲವು ಕಾಲದ ಮೇಲೆ ಮನೆಗೆ ಮರಳಿದರು. 1906ರಲ್ಲಿ ಮದರಾಸಿನ ಪಚ್ಚೈಯಪ್ಪ ಕಾಲೇಜನ್ನು ಸೇರಿ ಮತ್ತೊಮ್ಮೆ ಪ್ರಯತ್ನಿಸಿದರು. ಕಾಯಿಲೆ ಬಿದ್ದು ಊರಿಗೆ ಹಿಂದಿರುಗಬೇಕಾಯಿತು. 1907ರಲ್ಲಿ ಖಾಸಗಿಯಾಗಿ ಪರೀಕ್ಷೆಗೆ ಕುಳಿತಾಗಲೂ ಸೋಲೇ ಎದುರಾಯಿತು. ಅಲ್ಲಿಗೆ ಅವರ ಕಾಲೇಜು ವಿದ್ಯಾಭ್ಯಾಸ ಮುಗಿಯಿತು.

ಇತರ ವಿಷಯಗಳನ್ನು ಅಲಕ್ಷಿಸಿದುದು ರಾಮಾನುಜನ್ನರಿಗೆ ಹಿತವನ್ನು ತರಲಿಲ್ಲ. ಹಲವು ವರ್ಷಗಳ ಬಡತನ ಅದರ ಫಲ. ಹಾಗೆಯೇ, ಅಪೂರ್ವವಾದ ಪ್ರತಿಭೆಯೊಂದು ಎದುರಿಗಿದ್ದರೂ ಅದಕ್ಕೆ ದಾರಿಮಾಡಿಕೊಡುವ ಒಂದು ಕಿಂಡಿಯೂ ಅಂದಿನ ಪರೀಕ್ಷಾ ಪದ್ಧತಿಯಲ್ಲಿರಲಿಲ್ಲ.

1909ರಲ್ಲಿ ಅವರಿಗೆ ಜಾನಕಿಯವರೊಡನೆ ವಿವಾಹವಾಯಿತು. ಈಗ ಉದ್ಯೋಗವನ್ನು ಅರಸಲೇಬೇಕಾಯಿತು. ಪದವಿಯಿಲ್ಲದ ತರುಣರ ಬಳಿ ಇದ್ದ ಯೋಗ್ಯತಾಪತ್ರವೆಂದರೆ ಸೂತ್ರಗಳಿಂದ ತುಂಬಿದ ನೋಟುಪುಸ್ತಕಗಳು ಮಾತ್ರ. ಅವುಗಳನ್ನು ಕಂಕುಳಲ್ಲಿಟ್ಟುಕೊಂಡು ಅವರು ಊರೂರು ಅಲೆದರು. ಭಾರತೀಯ ಗಣಿತ ಸಂಘದ ಸ್ಥಾಪಕರೂ ಡೆಪ್ಯುಟಿ ಕಲೆಕ್ಟರರೂ ಆಗಿದ್ದ ರಾಮಸ್ವಾಮಿ ಅಯ್ಯರ್ ಅವರು ಪುಸ್ತಕಗಳ ಹಾಳೆಗಳನ್ನು ತಿರುವಿ ಬೆರಗಾದರು. ಇವರ ಯೋಗ್ಯತೆಯನ್ನು ತಿಳಿಸಿ ಮದರಾಸಿನ ಗಣಿತಪ್ರೇಮಿಗಳಿಗೆ ಪರಿಚಯಪತ್ರ ಬರೆದುಕೊಟ್ಟರು. ನೆಲ್ಲೂರಿನ ಕಲೆಕ್ಟರರಾಗಿದ್ದ ರಾಮಚಂದ್ರರಾಯರು ತಿಂಗಳಿಗೆ 25 ರೂಪಾಯಿಗಳನ್ನು ತಮ್ಮ ಕೈಯಿಂದಲೇ ಕೊಟ್ಟು ಪೋಷಿಸಿದರು. 1911ರಲ್ಲಿ ಗಣಿತ ಸಂಘದ ಪತ್ರಿಕೆಯಲ್ಲಿ ರಾಮಾನುಜನ್ನರ ಮೊದಲ ಪ್ರಬಂಧ ಪ್ರಕಟವಾಯಿತು. 1912ರ ಮಾರ್ಚಿಯಲ್ಲಿ ಮದರಾಸಿನ ಪೋರ್ಟ್ ಟ್ರಸ್ಟ್ ಕಚೇರಿಯಲ್ಲಿ ತಿಂಗಳಿಗೆ 30 ರೂಪಾಯಿ ಸಂಬಳದ ಗುಮಾಸ್ತೆಯ ಕೆಲಸ ದೊರೆಯಿತು.

1913ರ ಜನವರಿ 16ರಂದು ಅವರು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಜಿ. ಎಚ್. ಹಾರ್ಡಿಯವರಿಗೆ ಒಂದು ಪತ್ರ ಬರೆದರು. ತಾವು ಕಾಲೇಜು ಶಿಕ್ಷಣ ಪೂರೈಸದ ಗುಮಾಸ್ತೆಯೆಂದು ಮುಚ್ಚುಮರೆಯಿಲ್ಲದೆ ತಿಳಿಸಿ, ತಾವು ಕಂಡುಹಿಡಿದ ಹಲವಾರು ಪ್ರಮೇಯಗಳನ್ನು ಅದರೊಡನೆ ಕಳುಹಿಸಿದರು. ಅವುಗಳಲ್ಲಿ ಕೆಲವು ಮೊದಲೇ ತಿಳಿದವು, ಕೆಲವು ತಪ್ಪು, ಆದರೆ ಉಳಿದವು ಹಾರ್ಡಿಯವರಂತಹ ಪಂಡಿತರೂ ಎಂದೂ ಕಾಣದಿದ್ದಂಥವು. ಹಾರ್ಡಿಯವರು ತಮ್ಮ ಸಹೋದ್ಯೋಗಿ ಲಿಟಲ್‌ವುಡ್ಡರೊಡನೆ ಕುಳಿತು ಅವುಗಳನ್ನು ಪರಿಶೀಲಿಸಿ, ಬರೆದವರು ಅಸಾಧಾರಣ ಗಣಿತಜ್ಞರೆಂದು ನಿರ್ಧರಿಸಿದರು. ಅದೇ ವರ್ಷ ಮದರಾಸು ವಿಶ್ವವಿದ್ಯಾನಿಲಯವು ತಿಂಗಳಿಗೆ 75 ರೂಪಾಯಿಗಳ ಸಂಶೋಧನ ವೇತನವನ್ನು ಅವರಿಗೆ ನೀಡಿತು. ಪದವಿಯಿಲ್ಲದವರಿಗೆ ವಿಶ್ವವಿದ್ಯಾನಿಲಯದ ಬಾಗಿಲು ಕಡೆಗೂ ತೆರೆಯಿತು.

ಸಮುದ್ರಯಾನಕ್ಕೆ ಮನೆಯಲ್ಲಿದ್ದ ವಿರೋಧವು ಕರಗಿದ ಮೇಲೆ, 1914ರ ಮಾರ್ಚ್ 17ರಂದು ರಾಮಾನುಜನ್ನರು ಹಡಗನ್ನೇರಿದರು. ಕೇಂಬ್ರಿಜಿನ ಟ್ರಿನಿಟಿ ಕಾಲೇಜಿನಲ್ಲಿ ಅವರಿಗೆ ಆಶ್ರಯ ದೊರೆಯಿತು. ಪ್ರಮೇಯವೊಂದು ತನಗೆ ಹೊಳೆದರೆ ಸಾಲದು, ಇತರರು ಒಪ್ಪುವಂತೆ ಅದನ್ನು ಹೆಜ್ಜೆಹೆಜ್ಜೆಯಾಗಿ ಸಾಧಿಸಿ ತೋರಿಸಬೇಕು ಎಂಬುದನ್ನು ಅವರು ಹಾರ್ಡಿಯವರಿಂದ ಕಲಿತರು. ಗುರುವೂ ಶಿಷ್ಯನಿಂದ ಅಷ್ಟೇ ಕಲಿತರು. 1916ರಲ್ಲಿ ಸಂಶೋಧನೆಗಾಗಿ ಕೇಂಬ್ರಿಜ್ ವಿಶ್ವವಿದ್ಯಾನಿಲಯವು ಅವರಿಗೆ ಬಿ.ಎ. ಪದವಿಯನ್ನು ಕೊಟ್ಟಿತು.

ಬಾಲ್ಯದ ತ್ರಿಕೋನಮಿತಿಯನ್ನು ಅವರು ಮರೆತಿರಲಿಲ್ಲ. 1918ರಲ್ಲಿ ಪ್ರಕಟವಾದ ಅವರ ಒಂದು ಪ್ರಬಂಧದ ವಸ್ತು ಕೊಸೈನ್‌ಗಳ ಮೊತ್ತಗಳೇ ಆಗಿದೆ. ವೃತ್ತವೊಂದನ್ನು ಐದು ಸಮಭಾಗ ಮಾಡಿದರೆ 72, 144, 216, 288 ಡಿಗ್ರಿಗಳ ಕೋನಗಳು ದೊರೆಯುತ್ತವೆ. ಈ ನಾಲ್ಕರ ಕೊಸೈನ್‌ಗಳನ್ನು ದಶಮಾಂಶದಲ್ಲಿ ಬರೆಯಹೊರಟರೆ ಒಂದೂ ಮುಗಿಯುವುದಿಲ್ಲ. ಆದರೆ ನಾಲ್ಕನ್ನೂ ಕೂಡಿದರೆ ಸರಿಯಾಗಿ ಋಣ ಒಂದು ಬರುತ್ತದೆ! ಇಂತಹ ಮೊತ್ತಗಳನ್ನು ಬಳಸಿ ರಾಮಾನುಜನ್ನರು ಪೂರ್ಣಾಂಕಗಳ ಗೂಢವಾದ ಗುಣಗಳನ್ನು ಬಯಲಿಗೆ ತಂದರು. ತ್ರಿಭುಜಗಳನ್ನು ಅಳೆಯಲು ಹುಟ್ಟಿದ ಶಾಸ್ತ್ರವು ಸಂಖ್ಯೆಗಳ ರಹಸ್ಯಕ್ಕೆ ಕೀಲಿಕೈಯಾಯಿತು. ಈ ಮೊತ್ತಗಳಿಗೆ ಇಂದು ರಾಮಾನುಜನ್ ಮೊತ್ತಗಳೆಂದೇ ಹೆಸರು. ಎರವಲು ಪುಸ್ತಕದಿಂದ ಕಲಿತ ವಿದ್ಯೆಯಲ್ಲಿ ಅವರ ಹೆಸರೇ ನೆಲೆಯಾಗಿ ನಿಂತಿತು.

ಅದೇ 1918ರಲ್ಲಿ ಅವರು ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆಗಿ ಆಯ್ಕೆಯಾದರು. ಟ್ರಿನಿಟಿ ಕಾಲೇಜಿನ ಫೆಲೋ ಆದ ಮೊದಲ ಭಾರತೀಯರೂ ಅವರೇ. ಆದರೆ ಆ ವೇಳೆಗೆ ಅವರ ದೇಹ ಸೋತಿತ್ತು. ಮಹಾಯುದ್ಧದ ಕಾಲದಲ್ಲಿ ಸಸ್ಯಾಹಾರಿಯಾದ ಅವರಿಗೆ ತಕ್ಕ ಆಹಾರ ದೊರೆಯುವುದು ಕಷ್ಟವಾಗಿತ್ತು. ಚಳಿಯೂ ಒಂಟಿತನವೂ ಬಾಧಿಸಿದವು. 1917ರಿಂದ ಅವರು ಆರೋಗ್ಯಧಾಮಗಳಲ್ಲಿಯೇ ಬಹುಕಾಲ ಕಳೆದರು. ವೈದ್ಯರು ಕ್ಷಯವೆಂದು ಭಾವಿಸಿದರು. ಅದು ಯಕೃತ್ತಿಗೆ ತಗುಲಿದ ಅಮೀಬಾ ರೋಗವಾಗಿದ್ದಿರಬಹುದೆಂಬುದು ಇತ್ತೀಚಿನ ಒಂದು ಅಭಿಪ್ರಾಯ.

1919ರಲ್ಲಿ ಅವರು ತಾಯ್ನಾಡಿಗೆ ಮರಳಿದರು. ಹಾಸಿಗೆ ಹಿಡಿದಿದ್ದರೂ ಸೂತ್ರಗಳನ್ನು ಬರೆಯುವುದನ್ನು ನಿಲ್ಲಿಸಲಿಲ್ಲ. ಪತ್ನಿ ಜಾನಕಿಯವರು ಅವರನ್ನು ಅಕ್ಕರೆಯಿಂದ ಉಪಚರಿಸಿದರು. 1920ರ ಏಪ್ರಿಲ್ 26ರಂದು, 32ನೆಯ ವಯಸ್ಸಿನಲ್ಲಿ, ಮದರಾಸಿನಲ್ಲಿ ಅವರು ನಿಧನರಾದರು. ಕೊನೆಯ ದಿನಗಳಲ್ಲಿ ಬರೆದ ಹಾಳೆಗಳು ಕೇಂಬ್ರಿಜಿನ ಗ್ರಂಥಾಲಯದಲ್ಲಿ ಯಾರ ಗಮನಕ್ಕೂ ಬಾರದೆ ಉಳಿದಿದ್ದು, 1976ರಲ್ಲಿ ಅಮೆರಿಕದ ಜಾರ್ಜ್ ಆಂಡ್ರೂಸ್ ಅವರ ಕಣ್ಣಿಗೆ ಬಿದ್ದವು. ರಾಮಾನುಜನ್ನರ ನೋಟುಪುಸ್ತಕಗಳಲ್ಲಿರುವ ಮೂರು ಸಾವಿರಕ್ಕೂ ಹೆಚ್ಚಿನ ಸೂತ್ರಗಳನ್ನು ಸಾಧಿಸಿ ತೋರಿಸುವುದಕ್ಕೆ ವಿದ್ವಾಂಸರಿಗೆ ಹಲವು ದಶಕಗಳೇ ಬೇಕಾದವು. ಸ್ಲೇಟಿನ ಮೇಲೆ ಅಳಿಸಿಹೋದ ದಾರಿಯನ್ನು ಅವರು ಹೊಸದಾಗಿ ಹುಡುಕಬೇಕಾಯಿತು.

2012ರಿಂದ ಡಿಸೆಂಬರ್ 22ನ್ನು ಭಾರತವು ರಾಷ್ಟ್ರೀಯ ಗಣಿತ ದಿನವಾಗಿ ಆಚರಿಸುತ್ತಿದೆ. ರಾಮಾನುಜನ್ನರ ಪ್ರತಿಭೆ ಎಲ್ಲರಿಗೂ ದೊರೆಯುವಂಥದಲ್ಲ. ಆದರೆ ಕೈಗೆ ಸಿಕ್ಕಿದ ಒಂದು ಪುಸ್ತಕವನ್ನು ಕಡೆಯ ಪುಟದವರೆಗೆ ಓದಿ, ಅದರ ಒಂದೊಂದು ಲೆಕ್ಕವನ್ನೂ ಸ್ವಂತ ಬುದ್ಧಿಯಿಂದ ಬಿಡಿಸುವ ಛಲ ಯಾರಿಗೂ ನಿಲುಕದ ವಸ್ತುವಲ್ಲ. ಅಂತಹ ಛಲವುಳ್ಳವರನ್ನು ಗುರುತಿಸಿ, ತಕ್ಕ ಕಾಲದಲ್ಲಿ ಕೈಹಿಡಿಯುವ ಹೊಣೆ ಸಮಾಜದ್ದು. ಪುಸ್ತಕವನ್ನು ಎರವಲು ಕೊಟ್ಟ ಆ ಬಿ.ಎ. ವಿದ್ಯಾರ್ಥಿಯು ತನಗೆ ಅರಿವಿಲ್ಲದೆಯೇ ಆ ಹೊಣೆಯನ್ನು ನಿರ್ವಹಿಸಿದ್ದನು.