ಅನ್ನಾ ಅಟ್ಕಿನ್ಸ್: ನೀಲಿ ಹಾಳೆಯಲ್ಲಿ ಉಳಿದ ಕಡಲಪಾಚಿ

ಛಾಯಾಚಿತ್ರಗಳಿಂದ ಕೂಡಿದ ಮೊದಲ ಪುಸ್ತಕ ಎಂದು ಹೆಸರಾದ ಕೃತಿಯನ್ನು ಸಿದ್ಧಪಡಿಸಿದ್ದು ಕ್ಯಾಮೆರಾ ಹಿಡಿದ ವೃತ್ತಿಗಾರರಲ್ಲ. ಸಸ್ಯ ಸಂಗ್ರಹಿಸುತ್ತಿದ್ದ ಇಂಗ್ಲೆಂಡಿನ ಮಹಿಳೆ ಅನ್ನಾ ಅಟ್ಕಿನ್ಸ್.

ಅನ್ನಾ 1799ರ ಮಾರ್ಚ್ 16ರಂದು ಕೆಂಟ್ ಪ್ರಾಂತ್ಯದ ಟನ್‌ಬ್ರಿಜ್‌ನಲ್ಲಿ ಜನಿಸಿದರು. ಮರುವರ್ಷವೇ ತಾಯಿ ತೀರಿಕೊಂಡರು. ತಂದೆ ಜಾನ್ ಜಾರ್ಜ್ ಚಿಲ್ಡ್ರನ್ ವಿಜ್ಞಾನಿ. ಮುಂದೆ ಬ್ರಿಟಿಷ್ ಮ್ಯೂಸಿಯಂ ಸೇರಿದರು. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ್ದ ಆ ಕಾಲದಲ್ಲಿ ಅನ್ನಾ ತಂದೆಯ ಜೊತೆಯಲ್ಲೇ ವಿಜ್ಞಾನ ಕಲಿತರು. ತಂದೆ ಅನುವಾದಿಸಿದ ಲಮಾರ್ಕನ ಚಿಪ್ಪುಗಳ ಗ್ರಂಥಕ್ಕೆ 1823ರಲ್ಲಿ 200ಕ್ಕೂ ಹೆಚ್ಚು ಚಿತ್ರಗಳನ್ನು ಬರೆದುಕೊಟ್ಟರು. 1825ರಲ್ಲಿ ಜಾನ್ ಪೆಲ್ಲಿ ಅಟ್ಕಿನ್ಸ್ ಅವರನ್ನು ವಿವಾಹವಾದರು. 1839ರಲ್ಲಿ ಲಂಡನ್ನಿನ ಸಸ್ಯಶಾಸ್ತ್ರ ಸಂಘದ ಸದಸ್ಯೆಯಾದರು.

1841ರಲ್ಲಿ ಬ್ರಿಟನ್ನಿನ ಪಾಚಿಗಳ ಕುರಿತು ವಿಲಿಯಂ ಹಾರ್ವೆ ಬರೆದ ಕೈಪಿಡಿ ಬಂತು. ಅದರಲ್ಲಿ ಚಿತ್ರಗಳಿರಲಿಲ್ಲ. ಆ ಕೊರತೆ ತುಂಬಲು ಅನ್ನಾ ಮುಂದಾದರು. ಆದರೆ ಕೂದಲೆಳೆಯಷ್ಟು ಸೂಕ್ಷ್ಮವಾದ ಪಾಚಿಯ ಕವಲುಗಳನ್ನು ಕೈಯಲ್ಲಿ ತಪ್ಪಿಲ್ಲದೆ ಬಿಡಿಸುವುದು ಹೇಗೆ? ಕುಟುಂಬದ ಸ್ನೇಹಿತ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ಸಯನೋಟೈಪ್ ವಿಧಾನ ಇದಕ್ಕೆ ಉತ್ತರವಾಯಿತು. ಫೆರಿಕ್ ಅಮೋನಿಯಂ ಸಿಟ್ರೇಟ್ ಮತ್ತು ಪೊಟ್ಯಾಸಿಯಂ ಫೆರಿಸಯನೈಡ್ ದ್ರಾವಣಗಳನ್ನು ಬೆರೆಸಿ ಕಾಗದಕ್ಕೆ ಹಚ್ಚಿ ಒಣಗಿಸಬೇಕು. ಅದರ ಮೇಲೆ ಪಾಚಿಯನ್ನಿಟ್ಟು ಬಿಸಿಲಿಗೊಡ್ಡಬೇಕು. ಬೆಳಕು ಬಿದ್ದಲ್ಲಿ ಪ್ರಷ್ಯನ್ ನೀಲಿ ಉಂಟಾಗುತ್ತದೆ. ನೆರಳಿದ್ದ ಭಾಗದ ರಾಸಾಯನಿಕ ನೀರಿನಲ್ಲಿ ತೊಳೆದುಹೋಗಿ ಬಿಳಿಯ ಆಕೃತಿ ಉಳಿಯುತ್ತದೆ. ಕ್ಯಾಮೆರಾ ಬೇಡ, ಪಾಚಿಯೇ ತನ್ನ ಚಿತ್ರ ಬಿಡಿಸಿಕೊಳ್ಳುತ್ತದೆ.

1843ರ ಅಕ್ಟೋಬರಿನಲ್ಲಿ ಪುಸ್ತಕದ ಮೊದಲ ಭಾಗ ಹೊರಬಂತು. 1853ರವರೆಗೆ, ಹತ್ತು ವರ್ಷ ಕೆಲಸ ನಡೆಯಿತು. ಒಂದು ಪ್ರತಿಗೆ ಸುಮಾರು 400 ಹಾಳೆ. ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಬಿಸಿಲಿಗಿಡಬೇಕಿತ್ತು. ಪಠ್ಯವೂ ಅವರದೇ ಕೈಬರಹ, ಅದೂ ನೀಲಿಯಲ್ಲೇ. 1852ರಲ್ಲಿ ತಂದೆ ತೀರಿಕೊಂಡಾಗ ಬಾಲ್ಯದ ಗೆಳತಿ ಆ್ಯನ್ ಡಿಕ್ಸನ್ ಜೊತೆಗೆ ನಿಂತರು. ಇಬ್ಬರೂ ಸೇರಿ ಜರೀಗಿಡಗಳ ಸಯನೋಟೈಪ್ ಸಂಪುಟ ಮಾಡಿದರು. ಅನ್ನಾ ತಮ್ಮ ಸಸ್ಯಸಂಗ್ರಹವನ್ನು ಬ್ರಿಟಿಷ್ ಮ್ಯೂಸಿಯಂಗೆ ಕೊಟ್ಟು, 1871ರ ಜೂನ್ 9ರಂದು ನಿಧನರಾದರು.

ಪಾಚಿಯ ಪುಸ್ತಕದಲ್ಲಿ ಅವರು ಹಾಕಿದ್ದು ಇಂಗ್ಲಿಷಿನ ಎ.ಎ. ಎಂಬ ಎರಡೇ ಅಕ್ಷರ. ಮುಂದೆ ಸಂಗ್ರಾಹಕರೊಬ್ಬರು ಅದನ್ನು ಅನಾಮಧೇಯ ಹವ್ಯಾಸಿ ಎಂದು ಓದಿದರು! 1985ರಲ್ಲಿ ಇತಿಹಾಸಕಾರ ಲ್ಯಾರಿ ಶಾಫ್ ಅವರ ಪುಸ್ತಕ ಬಂದ ಮೇಲೆ ಅನ್ನಾ ಮತ್ತೆ ಎಲ್ಲರ ಗಮನಕ್ಕೆ ಬಂದರು. ಬ್ರಿಟಿಷ್ ಲೈಬ್ರರಿ, ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ, ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂಗಳು ಆ ಹಾಳೆಗಳನ್ನು ಕಾಪಾಡಿಕೊಂಡಿವೆ. ಹಾಳೆ ಉಳಿದಿದ್ದರಿಂದಲೇ ಹೆಸರೂ ಸಿಕ್ಕಿತು.

ಅಭ್ಯಾಸ ಬೋಧನೆಯ ವೇಳೆ ಒಂಬತ್ತನೇ ತರಗತಿಯ ಮಕ್ಕಳು ಬರೆದ ಶೈವಲಗಳ ಚಿತ್ರಗಳನ್ನು ನಾನು ಗೋಡೆಗೆ ಅಂಟಿಸಿದ್ದೆ. ವೀಕ್ಷಣೆಗೆ ಬಂದವರೆಲ್ಲ ಮೆಚ್ಚಿಕೊಂಡರು. ಕೆಳಗಡೆ ನನ್ನ ಹೆಸರು, ಕ್ರಮಸಂಖ್ಯೆ ಮಾತ್ರ ಇತ್ತು. ಈ ಜೀವನವನ್ನು ಓದಿದ ಮರುದಿನ ಬೇಗ ಶಾಲೆಗೆ ಹೋಗಿ, ಒಂದೊಂದು ಹಾಳೆಯ ಕೆಳಗೂ ಅದನ್ನು ಬರೆದ ಮಗುವಿನ ಪೂರ್ಣ ಹೆಸರು ಬರೆದೆ.