ಅಚ್ಚುಯಂತ್ರವನ್ನು ಪ್ರವಚನಪೀಠವಾಗಿಸಿದ ಗುರು
ಪುನೀತ ಜೇಮ್ಸ್ ಅಲ್ಬೆರಿಯೋನೆ (೧೮೮೪–೧೯೭೧)

ಧರ್ಮಕೇಂದ್ರವೊಂದು ನೂರು ವರ್ಷಗಳನ್ನು ಪೂರೈಸಿದಾಗ ಕಟ್ಟಿದ ಗೋಡೆಗಳನ್ನೂ ತೂಗಿದ ಗಂಟೆಗಳನ್ನೂ ನಾವು ಕೃತಜ್ಞತೆಯಿಂದ ನೆನೆಯುತ್ತೇವೆ. ಇವುಗಳ ಜೊತೆಗೆ ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಒಂದುಂಟು. ದೇವಾಲಯದ ಬಾಗಿಲನ್ನು ದಾಟಿ ಬಾರದ ಜನರ ಬಳಿಗೆ ಶುಭಸಂದೇಶವನ್ನು ಕೊಂಡೊಯ್ಯಲು ನಾವು ಯಾರನ್ನು ಸಿದ್ಧಪಡಿಸಿದ್ದೇವೆ? ಇಟಲಿಯ ಒಬ್ಬ ಕೃಶಕಾಯ ಗುರುಗಳು ತಮ್ಮ ಜೀವಮಾನವೆಲ್ಲವನ್ನೂ ಈ ಪ್ರಶ್ನೆಗೆ ಉತ್ತರವಾಗಿ ಸವೆಸಿದರು.

ಜೇಮ್ಸ್ ಅಲ್ಬೆರಿಯೋನೆಯವರು ೧೮೮೪ರ ಏಪ್ರಿಲ್ ೪ರಂದು ಉತ್ತರ ಇಟಲಿಯ ಪಿಯೆಮೋಂತೆ ಪ್ರಾಂತದ ಬಡ ರೈತ ಕುಟುಂಬವೊಂದರಲ್ಲಿ ಜನಿಸಿದರು. ಶಾಲೆಯ ಮೊದಲ ದಿನಗಳಲ್ಲಿಯೇ, ಮುಂದೆ ಏನಾಗುವೆಯೆಂದು ಉಪಾಧ್ಯಾಯಿನಿ ಕೇಳಿದಾಗ, ಗುರುವಾಗುವೆನೆಂದು ಆ ಬಾಲಕ ಉತ್ತರಿಸಿದನಂತೆ. ಆದರೆ ದಾರಿ ಸುಗಮವಾಗಿರಲಿಲ್ಲ. ೧೮೯೬ರಲ್ಲಿ ಬ್ರಾ ಊರಿನ ಗುರುಮಠವನ್ನು ಸೇರಿದ ಅವರು ೧೯೦೦ರಲ್ಲಿ ಅದನ್ನು ಬಿಡಬೇಕಾಯಿತು. ಅದೇ ವರ್ಷದ ಶರತ್ಕಾಲದಲ್ಲಿ ಆಲ್ಬಾ ನಗರದ ಗುರುಮಠವು ಅವರಿಗೆ ಆಶ್ರಯ ನೀಡಿತು.

ಆ ವರ್ಷದ ಡಿಸೆಂಬರ್ ೩೧ರ ರಾತ್ರಿ, ಹಳೆಯ ಶತಮಾನ ಮುಗಿದು ಹೊಸದು ಕಣ್ತೆರೆಯುವ ಹೊತ್ತಿನಲ್ಲಿ, ಹದಿನಾರರ ಆ ತರುಣನು ಆಲ್ಬಾದ ಪ್ರಧಾನಾಲಯದಲ್ಲಿ ಪರಮ ಪ್ರಸಾದದ ಮುಂದೆ ನಾಲ್ಕು ಗಂಟೆಗಳ ಕಾಲ ಪ್ರಾರ್ಥಿಸಿದನು. ಹೊಸ ಶತಮಾನದ ಜನರಿಗಾಗಿ ತಾನು ಏನನ್ನಾದರೂ ಮಾಡಲೇಬೇಕೆಂಬ ಹೊಣೆ ಅಂದು ಅವನ ಹೃದಯದಲ್ಲಿ ಬೇರೂರಿತು.

೧೯೦೭ರ ಜೂನ್ ೨೯ರಂದು ಗುರುದೀಕ್ಷೆ ಪಡೆದ ಅಲ್ಬೆರಿಯೋನೆಯವರಿಗೆ ೧೯೧೩ರಲ್ಲಿ ಬಿಷಪರು ಧರ್ಮಪ್ರಾಂತ್ಯದ ವಾರಪತ್ರಿಕೆಯನ್ನು ಒಪ್ಪಿಸಿದರು. ಪತ್ರಿಕೆಯನ್ನು ನಡೆಸುತ್ತಾ ಅವರಿಗೆ ಒಂದು ಸತ್ಯ ಸ್ಪಷ್ಟವಾಯಿತು. ಯಂತ್ರವನ್ನು ಹಣ ಕೊಟ್ಟು ತರಬಹುದು. ಅದನ್ನು ದೇವರ ಸೇವೆಗೆ ತಿರುಗಿಸುವ ಕೈಗಳನ್ನು ವರ್ಷಗಟ್ಟಲೆ ತರಬೇತು ಮಾಡಿಯೇ ಪಡೆಯಬೇಕು. ಆದ್ದರಿಂದ ೧೯೧೪ರ ಆಗಸ್ಟ್ ೨೦ರಂದು, ಯೂರೋಪು ಮಹಾಯುದ್ಧದ ಬೆಂಕಿಗೆ ಬಿದ್ದಿದ್ದ ದಿನಗಳಲ್ಲಿ, ಕೇವಲ ಇಬ್ಬರು ಹುಡುಗರೊಡನೆ ಅವರು ಆಲ್ಬಾದಲ್ಲಿ ಮುದ್ರಣಶಾಲೆಯೊಂದನ್ನು ತೆರೆದರು. ಸಂತ ಪೌಲರ ಸಭೆ ಮೊಳೆತದ್ದು ಅಲ್ಲಿಯೇ. ಪ್ರಾರ್ಥನೆ, ವ್ಯಾಸಂಗ, ಪ್ರೇಷಿತಕಾರ್ಯ, ಬಡತನ ಇವು ನಾಲ್ಕೂ ಒಂದೇ ಬಂಡಿಯ ಚಕ್ರಗಳೆಂದೂ, ಒಂದು ನಿಂತರೂ ಬಂಡಿ ಸಾಗದೆಂದೂ ಅವರು ಕಲಿಸಿದರು. ಬರೆಯುವುದು, ಅಚ್ಚುಮೊಳೆ ಜೋಡಿಸಿ ಮುದ್ರಿಸುವುದು, ಮನೆಮನೆಗೆ ಹಂಚುವುದು ಮೂರೂ ಅವರ ದೃಷ್ಟಿಯಲ್ಲಿ ಶುಭಸಂದೇಶದ ಸಾರುವಿಕೆಯೇ ಆಗಿದ್ದವು.

೧೯೧೫ರಲ್ಲಿ ಅವರು ಸ್ತ್ರೀಯರಿಗಾಗಿ ಆರಂಭಿಸಿದ ಶಾಖೆಗೆ ತೆರೇಸಾ ಮೆರ್ಲೋ ಎಂಬ ತರುಣಿ ಆಧಾರಸ್ತಂಭವಾದರು. ಅವರೇ ಮುಂದೆ ಮದರ್ ತೆಕ್ಲಾ ಎಂದು ಪ್ರಸಿದ್ಧರಾದವರು. ೧೯೧೮ರಲ್ಲಿ ಸೂಸಾ ನಗರದ ಧರ್ಮಪ್ರಾಂತ್ಯದ ಪತ್ರಿಕೆಯನ್ನು ಹೊರತರುವ ಭಾರವನ್ನು ಗುರುಗಳು ಈ ಯುವತಿಯರ ಹೆಗಲಿಗೇರಿಸಿದರು. ಹೊಲಿಗೆಯ ಸೂಜಿ ಹಿಡಿದಿದ್ದ ಕೈಗಳು ಮಸಿಯ ಅಚ್ಚುಗಳನ್ನು ಹಿಡಿದವು. ಅವರ ಮುದ್ರಣಾಲಯದಲ್ಲಿದ್ದ ಸಂತ ಪೌಲರ ಚಿತ್ರವನ್ನು ಕಂಡು ಊರ ಜನರೇ ಅವರನ್ನು ಸಂತ ಪೌಲರ ಪುತ್ರಿಯರೆಂದು ಕರೆದರು. ಆ ಹೆಸರೇ ಸ್ಥಿರವಾಯಿತು.

ಸಂದೇಹಪಟ್ಟವರು ಅಂದೂ ಇದ್ದರು. ಅಚ್ಚಿನ ಕೆಲಸ ಬಲಿಪೀಠದ ಸೇವಕರಿಗೆ ತಕ್ಕುದೇ, ಕನ್ಯಾಸ್ತ್ರೀಯರಿಗೆ ಸಲ್ಲುವುದೇ ಎಂಬ ಶಂಕೆ ಸಹಜವಾಗಿಯೇ ಎದ್ದಿತು. ೧೯೨೩ರಲ್ಲಿ ಕಠಿಣ ಕಾಯಿಲೆ ಬಿದ್ದ ಅಲ್ಬೆರಿಯೋನೆಯವರು ಬದುಕುವ ಆಸೆಯೇ ಕ್ಷೀಣಿಸಿತ್ತು. ಚೇತರಿಸಿಕೊಂಡಾಗ ಅದನ್ನು ಅವರು ಸಂತ ಪೌಲರ ಕೃಪೆಯೆಂದೇ ನಂಬಿದರು. ಹದಿಮೂರು ವರ್ಷಗಳ ಸಹನೆಯ ನಂತರ, ೧೯೨೭ರಲ್ಲಿ, ಸಭೆಗೆ ಧರ್ಮಪ್ರಾಂತ್ಯದ ಮಟ್ಟದ ಮಾನ್ಯತೆ ದೊರಕಿತು.

ಕಾಲ ಬದಲಾದಂತೆ ಸಾಧನವೂ ಬದಲಾಗಬೇಕೆಂಬುದು ಅವರ ನಿಲುವು. ೧೯೩೧ರಲ್ಲಿ ಕುಟುಂಬಗಳಿಗಾಗಿ ವಾರಪತ್ರಿಕೆಯೊಂದನ್ನು ಆರಂಭಿಸಿದರು. ಮೂವತ್ತರ ದಶಕದ ಕೊನೆಯಲ್ಲಿ ಚಲನಚಿತ್ರರಂಗಕ್ಕೂ ಕಾಲಿಟ್ಟರು. ಇಥಿಯೋಪಿಯದ ಧರ್ಮಪ್ರಚಾರಕ ಮಸಾಯಾ ಅವರ ಜೀವನವನ್ನಾಧರಿಸಿದ ಚಿತ್ರವು ೧೯೩೯ರಲ್ಲಿ ತೆರೆಗೆ ಬಂದಿತು. ಯುದ್ಧಾನಂತರ ಧರ್ಮಕೇಂದ್ರಗಳ ಚಿಕ್ಕ ಸಭಾಂಗಣಗಳಿಗೆ ಒದಗುವಂತೆ ೧೬ ಮಿಲಿಮೀಟರ್ ಚಿತ್ರಗಳನ್ನು ಹಂಚುವ ವ್ಯವಸ್ಥೆಯಾಯಿತು. ಅವರ ಮಕ್ಕಳು ಭಾರತಕ್ಕೂ ಬಂದರು: ೧೯೩೫ರಲ್ಲಿ ಸಂತ ಪೌಲರ ಸಭೆಯವರು ಅಲಹಾಬಾದಿಗೆ, ೧೯೫೧ರಲ್ಲಿ ಸಂತ ಪೌಲರ ಪುತ್ರಿಯರು ಮುಂಬಯಿಗೆ. ಬೆಂಗಳೂರಿನ ಅವರ ಪುಸ್ತಕ ಮಳಿಗೆಯಿಂದ ತಂದ ಬೈಬಲ್ ಅಥವಾ ಪ್ರಾರ್ಥನಾ ಪುಸ್ತಕ ನಮ್ಮಲ್ಲಿ ಅನೇಕರ ಮನೆಯಲ್ಲಿರಬಹುದು.

ಇಟಲಿಯಲ್ಲಿ ೧೯೫೪ರ ಜನವರಿಯಲ್ಲಿ ಟೆಲಿವಿಷನ್ ಪ್ರಸಾರ ಆರಂಭವಾಯಿತು. ೧೯೫೭ರಲ್ಲಿ ಜಗದ್ಗುರು ಹನ್ನೆರಡನೆಯ ಪಿಯುಸರು ಚಲನಚಿತ್ರ, ರೇಡಿಯೋ ಮತ್ತು ಟೆಲಿವಿಷನ್ ಕುರಿತು ವಿಶ್ವಪತ್ರ ಬರೆದರು. ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ ಅಲ್ಬೆರಿಯೋನೆಯವರೂ ಪಾಲ್ಗೊಂಡಿದ್ದರು. ೧೯೬೩ರ ಡಿಸೆಂಬರ್ ೪ರಂದು ಆ ಮಹಾಸಭೆ ಸಂಪರ್ಕ ಮಾಧ್ಯಮಗಳ ಕುರಿತ ಆಜ್ಞಾಪತ್ರವನ್ನು ಪ್ರಕಟಿಸಿ, ಗುರುಗಳನ್ನೂ ಧಾರ್ಮಿಕರನ್ನೂ ಶ್ರೀಸಾಮಾನ್ಯ ಭಕ್ತರನ್ನೂ ವಿಳಂಬವಿಲ್ಲದೆ ಈ ಕಾರ್ಯಕ್ಕೆ ತರಬೇತುಗೊಳಿಸಬೇಕೆಂದು ವಿಧಿಸಿತು. ಐವತ್ತು ವರ್ಷಗಳ ಹಿಂದೆ ಇಬ್ಬರು ಹುಡುಗರೊಡನೆ ಕೈಗೊಂಡ ಕೆಲಸ ಅಂದು ಇಡೀ ಧರ್ಮಸಭೆಯ ಕರ್ತವ್ಯವಾಯಿತು. ವೃದ್ಧ ಗುರುಗಳಿಗೆ ಇದಕ್ಕಿಂತ ಮಿಗಿಲಾದ ಸಂತೋಷ ಬೇರೇನಿದ್ದೀತು?

ಪೌಲಿನ ಕುಟುಂಬದ ಹತ್ತು ಶಾಖೆಗಳನ್ನು ಬೆಳೆಸಿದ ಅವರು ೧೯೭೧ರ ನವೆಂಬರ್ ೨೬ರಂದು ರೋಮಿನಲ್ಲಿ ದೈವಾಧೀನರಾದರು. ಕೊನೆಯ ಗಳಿಗೆಗಳಲ್ಲಿ ಜಗದ್ಗುರು ಆರನೆಯ ಪೌಲರೇ ಅವರ ಹಾಸಿಗೆಯ ಬಳಿಗೆ ಬಂದಿದ್ದರು. ೨೦೦೩ರ ಏಪ್ರಿಲ್ ೨೭ರಂದು ಜಗದ್ಗುರು ಎರಡನೆಯ ಜಾನ್ ಪೌಲರು ಅವರನ್ನು ಪುನೀತರ ಸಾಲಿಗೆ ಸೇರಿಸಿದರು.

ಇಂದು ನಮ್ಮಲ್ಲಿ ಧ್ವನಿವರ್ಧಕವಿದೆ, ಕ್ಯಾಮರಾ ಇದೆ, ಪ್ರತಿಯೊಬ್ಬರ ಅಂಗೈಯಲ್ಲಿ ಫೋನಿದೆ. ಬಲಿಪೂಜೆ ಕ್ಷಣಾರ್ಧದಲ್ಲಿ ಕಡಲಾಚೆಯ ಬಂಧುಗಳ ಮನೆಯನ್ನು ಮುಟ್ಟುತ್ತದೆ. ಸಲಕರಣೆಗೆ ಹಣ ಕೂಡಿಸುವುದು ನಮಗೆ ಕಷ್ಟವಾಗಿಲ್ಲ. ಆದರೆ ಅದನ್ನು ನಡೆಸುವ ಯುವಕ ಯುವತಿಯರಿಗೆ ಧರ್ಮಗ್ರಂಥದ ಅರಿವನ್ನೂ ಸತ್ಯ–ಸುಳ್ಳುಗಳ ವಿವೇಚನೆಯನ್ನೂ ಪ್ರಾರ್ಥನೆಯ ಅಭ್ಯಾಸವನ್ನೂ ಕಲಿಸಲು ನಾವು ಎಷ್ಟು ಸಮಯ ಕೊಟ್ಟಿದ್ದೇವೆ? ಎರಡನೆಯ ಶತಮಾನಕ್ಕೆ ಹೆಜ್ಜೆಯಿಡುವ ಈ ಧರ್ಮಕೇಂದ್ರ, ಯಂತ್ರಕ್ಕೆ ವೆಚ್ಚ ಮಾಡುವ ಮೊದಲು ಅಂತಹ ಇಬ್ಬರನ್ನಾದರೂ ಆರಿಸಿ ತಯಾರು ಮಾಡಲಿ. ಅಲ್ಬೆರಿಯೋನೆಯವರು ಆರಂಭಿಸಿದ್ದೂ ಇಬ್ಬರಿಂದಲೇ. ಅವರ ಪ್ರಾರ್ಥನೆ ನಮ್ಮೊಡನಿರಲಿ.