ಸೇನಾನಿ ಬೋಂಶಾಂ

ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಗುರುಗಳಿಗೊದಗಿದ ಸಂಕಟವನ್ನೂ ಬಲವಂತದ ಸೈನ್ಯಭರ್ತಿಯನ್ನೂ ಸಹಿಸಲಾರದೆ ಪಶ್ಚಿಮ ಫ್ರಾನ್ಸಿನ ವಾಂದೆ ಸೀಮೆಯ ರೈತರು 1793ರಲ್ಲಿ ದಂಗೆಯೆದ್ದರು. ಅವರ ಸೇನಾನಿಗಳಲ್ಲೊಬ್ಬರು 1760ರಲ್ಲಿ ಜನಿಸಿದ ಶಾರ್ಲ್ ದ ಬೋಂಶಾಂ. ಅಕ್ಟೋಬರ್ 17ರಂದು ಶೋಲೆ ಕದನದಲ್ಲಿ ಅವರು ಮಾರಣಾಂತಿಕವಾಗಿ ಗಾಯಗೊಂಡರು. ಸೋತ ಸೇನೆ ಲುವಾರ್ ನದಿಯ ದಡದ ಸೇಂಟ್ ಫ್ಲೋರಾನಿಗೆ ಹಿಮ್ಮೆಟ್ಟಿತು. ಅಲ್ಲಿ ದೇವಾಲಯದೊಳಗೂ ಸುತ್ತಲೂ ಸುಮಾರು 5,000 ಶತ್ರುಸೈನಿಕರು ಸೆರೆಯಲ್ಲಿದ್ದರು. ಅವರನ್ನು ಕೊಂದುಹಾಕಬೇಕೆಂದು ದಂಡು ಕೂಗಿತು. ನೊಂದವರ ಆ ರೋಷ ನಮಗೆ ಅರ್ಥವಾಗದ್ದೇನಲ್ಲ. ಆದರೆ ಕೊನೆಯುಸಿರೆಳೆಯುತ್ತಿದ್ದ ಬೋಂಶಾಂ, ಸೆರೆಯಾಳುಗಳೆಲ್ಲರಿಗೂ ಜೀವದಾನ ಮಾಡುವಂತೆ ಆಜ್ಞಾಪಿಸಿದರು. ಆಜ್ಞೆ ನಡೆಯಿತು. 18ರಂದು ಅವರು ದೈವಾಧೀನರಾದರು. ಬದುಕುಳಿದವರಲ್ಲೊಬ್ಬರ ಮಗ, ಶಿಲ್ಪಿ ದಾವೀದ್ ದಾಂಜೆ, ಮುಂದೆ ಅದೇ ದೇವಾಲಯದಲ್ಲಿ ಬೋಂಶಾಂರ ಸಮಾಧಿಗೆ ಅಮೃತಶಿಲೆಯ ಪ್ರತಿಮೆಯನ್ನು ಕೆತ್ತಿಕೊಟ್ಟರು.